ಓದುಗರ ಪ್ರಶ್ನೆಗಳಿಗೆ ಉತ್ತರ: ಕ್ಯಾಲಿಫೋರ್ನಿಯಾಕ್ಕೆ ಹೊಸ ಗವರ್ನರ್

ಅಮೆರಿಕದ 36 ರಾಜ್ಯಗಳಲ್ಲಿ 2026ರ ನವೆಂಬರ್ 3ರಂದು ಗವರ್ನರ್ ಹುದ್ದೆಗೆ ಚುನಾವಣೆ ನಡೆಯಲಿದೆ. ಈ ಬಗ್ಗೆ ನಮಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಕ್ಯಾಲಿಫೋರ್ನಿಯಾಕ್ಕೆ ಸಂಬಂಧಿಸಿದವು. ಸ್ಯಾನ್ ಹೋಸೆ, ಫ್ರೀಮಾಂಟ್, ಸನಿವೇಲ್ ಕಡೆ ಮಕ್ಕಳು ಮೊಮ್ಮಕ್ಕಳು ನೆಲೆಸಿರುವ ಮನೆಗಳು ಕರ್ನಾಟಕದ ಊರೂರಿನಲ್ಲೂ ಇರುವಾಗ ಇದು ಸಹಜವೇ ಆಗಿದೆ. ಈಗಿನ ಗವರ್ನರ್ ಗ್ಯಾವಿನ್ ನ್ಯೂಸಮ್ ಅವರಿಗೆ ಇದು ಎರಡನೆಯ ಅವಧಿ. ಅಲ್ಲಿ ಒಬ್ಬರು ಜೀವಮಾನದಲ್ಲಿ ಎರಡು ಸಲ ಮಾತ್ರ ಆ ಹುದ್ದೆಗೆ ಆಯ್ಕೆಯಾಗಬಹುದಾದ ಕಾರಣ, ಅವರು ಮತ್ತೆ ಸ್ಪರ್ಧಿಸುವಂತಿಲ್ಲ. ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ರಾಜ್ಯಪಾಲರಿಗೂ ಅಮೆರಿಕದ ಗವರ್ನರಿಗೂ ಅಧಿಕಾರದಲ್ಲಿ ಇರುವ ವ್ಯತ್ಯಾಸವೇನು? ಅಲ್ಲಿ ಈ ಚುನಾವಣೆಗೆ ಇಷ್ಟೊಂದು ಮಹತ್ವ ಏಕೆ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ಅಲ್ಲಿಯ ಗವರ್ನರ್ ರಾಜ್ಯ ಸರ್ಕಾರವನ್ನು ನಡೆಸುವವರೇ ಆಗಿರುವುದರಿಂದ ಅವರನ್ನು ನಮ್ಮ ಮುಖ್ಯಮಂತ್ರಿಯೊಡನೆ ಹೋಲಿಸುವುದು ಹೆಚ್ಚು ಸರಿ. ಆದರೂ ಎರಡು ಮುಖ್ಯ ವ್ಯತ್ಯಾಸಗಳನ್ನು ಗಮನಿಸಬೇಕು. ನಮ್ಮ ಮುಖ್ಯಮಂತ್ರಿ ವಿಧಾನಸಭೆಯ ಬಹುಮತ ಇರುವವರೆಗೆ ಮಾತ್ರ ಅಧಿಕಾರದಲ್ಲಿರುತ್ತಾರೆ. ಅಲ್ಲಿಯ ಗವರ್ನರ್ ಜನರಿಂದ ನೇರವಾಗಿ 4 ವರ್ಷಕ್ಕೆ ಆಯ್ಕೆಯಾಗುವುದರಿಂದ ಶಾಸನಸಭೆಯಲ್ಲಿ ಎದುರು ಪಕ್ಷದ ಬಹುಮತವಿದ್ದರೂ ಹುದ್ದೆಗೆ ಧಕ್ಕೆಯಿಲ್ಲ. ಎರಡನೆಯದಾಗಿ, ಕ್ಯಾಲಿಫೋರ್ನಿಯಾದಲ್ಲಿ ಲೆಫ್ಟಿನೆಂಟ್ ಗವರ್ನರ್, ಅಟಾರ್ನಿ ಜನರಲ್, ಖಜಾಂಚಿ, ವಿಮಾ ಆಯುಕ್ತ ಮೊದಲಾದವರನ್ನೂ ಜನರೇ ಬೇರೆ ಬೇರೆಯಾಗಿ ಆರಿಸುತ್ತಾರೆ. ಅವರನ್ನು ಗವರ್ನರ್ ನೇಮಿಸಿಕೊಂಡಿರುವುದಿಲ್ಲ, ಆದ್ದರಿಂದ ಬೇಡವೆನಿಸಿದಾಗ ತೆಗೆದುಹಾಕುವಂತೆಯೂ ಇಲ್ಲ.

ಇಷ್ಟಿದ್ದರೂ ಆ ಹುದ್ದೆಯ ಬಲ ದೊಡ್ಡದು. ಪ್ರತಿ ವರ್ಷ ಜನವರಿ 10ರೊಳಗೆ ಬಜೆಟ್ ಮಂಡಿಸುವವರು ಗವರ್ನರ್. ಶಾಸನಸಭೆ ಅದನ್ನು ಅಂಗೀಕರಿಸಿ ಕಳುಹಿಸಿದ ಮೇಲೆ ಯಾವುದೇ ಬಾಬ್ತಿನ ಹಣವನ್ನು ಕಡಿತಗೊಳಿಸುವ ಅಥವಾ ಪೂರ್ತಿ ಹೊಡೆದುಹಾಕುವ ಅಧಿಕಾರ ಅವರಿಗಿದೆ, ಹೆಚ್ಚಿಸುವ ಅಧಿಕಾರ ಮಾತ್ರ ಇಲ್ಲ. ಅವರು ವೀಟೊ ಮಾಡಿದ ಮಸೂದೆಯನ್ನು ಎರಡೂ ಸದನಗಳು ಮೂರನೆಯ ಎರಡರಷ್ಟು ಬಹುಮತದಿಂದ ಮತ್ತೆ ಅಂಗೀಕರಿಸಿದರೆ ಅದು ಕಾನೂನಾಗುತ್ತದೆ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅಂಥದ್ದು ನಡೆದಿಲ್ಲ. ಅಂದರೆ ಗವರ್ನರ್ ಬೇಡವೆಂದರೆ ವಾಸ್ತವದಲ್ಲಿ ಅದೇ ಕೊನೆಯ ಮಾತು.

ನಮ್ಮ ದೇಶದ ಓದುಗರು ವಿಶೇಷವಾಗಿ ಗಮನಿಸಬೇಕಾದ ಒಂದು ಅಂಶ ಇಲ್ಲಿದೆ. ಕ್ಯಾಲಿಫೋರ್ನಿಯಾದ ಸಂವಿಧಾನದ ಪ್ರಕಾರ ಮಸೂದೆ ಕೈಗೆ ಬಂದ 12 ದಿನಗಳೊಳಗೆ ಗವರ್ನರ್ ಸಹಿ ಮಾಡಬೇಕು ಅಥವಾ ಕಾರಣ ಬರೆದು ಹಿಂದಿರುಗಿಸಬೇಕು. ಅಧಿವೇಶನದ ಕೊನೆಯಲ್ಲಿ ರಾಶಿ ರಾಶಿಯಾಗಿ ಬರುವ ಮಸೂದೆಗಳಿಗೆ ಹೆಚ್ಚಿನ ಕಾಲಾವಕಾಶವಿದೆ, ಆದರೆ ಅದಕ್ಕೂ ಗಡುವು ಇದ್ದೇ ಇದೆ. ಎರಡರಲ್ಲಿ ಒಂದನ್ನೂ ಮಾಡದೆ ಸುಮ್ಮನಿದ್ದರೆ ಗಡುವು ಮುಗಿದೊಡನೆ ಮಸೂದೆ ತಾನಾಗಿಯೇ ಕಾನೂನಾಗುತ್ತದೆ. ಜನರಿಂದ ಆರಿಸಿಬಂದ ಗವರ್ನರಿಗೇ ಮಸೂದೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂರುವ ಅವಕಾಶವನ್ನು ಆ ಸಂವಿಧಾನ ಕೊಟ್ಟಿಲ್ಲ.

ಅಲ್ಲಿಯ ಭಾರತೀಯರಿಗೆ ಈ ಸಹಿಯ ತೂಕ ಚೆನ್ನಾಗಿ ಗೊತ್ತು. ಜಾತಿ ಆಧಾರಿತ ತಾರತಮ್ಯವನ್ನು ಹೆಸರಿಸಿ ನಿಷೇಧಿಸುವ ಮಸೂದೆಯನ್ನು 2023ರಲ್ಲಿ ಎರಡೂ ಸದನಗಳು ಅಂಗೀಕರಿಸಿದ್ದವು. ಈಗಿರುವ ಕಾನೂನುಗಳೇ ಸಾಕೆಂದು ಹೇಳಿ ನ್ಯೂಸಮ್ ಅವರು ಆ ಅಕ್ಟೋಬರಿನಲ್ಲಿ ಅದನ್ನು ವೀಟೊ ಮಾಡಿದರು. ದಲಿತ ಸಂಘಟನೆಗಳವರು ಅದಕ್ಕಾಗಿ ಉಪವಾಸ ಕೂತಿದ್ದರು, ಅದನ್ನು ವಿರೋಧಿಸಿದ ಭಾರತೀಯ ಸಂಘಟನೆಗಳೂ ಇದ್ದವು. 2025ರ ಅಕ್ಟೋಬರಿನಲ್ಲಿ ದೀಪಾವಳಿಯನ್ನು ರಾಜ್ಯದ ರಜಾದಿನಗಳ ಪಟ್ಟಿಗೆ ಸೇರಿಸುವ ಮಸೂದೆಗೆ ಸಹಿ ಹಾಕಿದವರೂ ಅವರೇ.

ಪ್ರಶ್ನೆ: ನಮ್ಮ ಮಗಳು ಅಲ್ಲಿಯ ಪೌರತ್ವ ಪಡೆದಿದ್ದಾಳೆ. ಜೂನಿನಲ್ಲೂ ಮತದಾನ, ನವೆಂಬರಿನಲ್ಲೂ ಮತದಾನ ಎನ್ನುತ್ತಾಳೆ. ಒಂದೇ ಹುದ್ದೆಗೆ ಎರಡು ಚುನಾವಣೆ ಏಕೆ? ಜೂನಿನದನ್ನು ಬಿಟ್ಟರೆ ನಷ್ಟವೇನಾದರೂ ಉಂಟೇ?
— ಗೃಹಿಣಿ, ದಾವಣಗೆರೆ

ಉತ್ತರ: ಬಿಡಬಾರದು ಎಂಬುದೇ ನಮ್ಮ ಸ್ಪಷ್ಟವಾದ ಉತ್ತರ. ನಮ್ಮ ಅಭಿಪ್ರಾಯದಲ್ಲಿ ಈ ಸಲ ಜೂನ್ 2ರ ಮತಕ್ಕೆ ನವೆಂಬರ್ 3ರ ಮತಕ್ಕಿಂತಲೂ ಹೆಚ್ಚಿನ ಬೆಲೆಯಿದೆ.

ಕಾರಣ ಹೀಗಿದೆ. ಮೊದಲು ಅಲ್ಲಿ ಡೆಮಾಕ್ರಟಿಕ್ ಪಕ್ಷದವರು ತಮ್ಮ ಅಭ್ಯರ್ಥಿಯನ್ನು, ರಿಪಬ್ಲಿಕನ್ ಪಕ್ಷದವರು ತಮ್ಮ ಅಭ್ಯರ್ಥಿಯನ್ನು ಪ್ರೈಮರಿ ಎನ್ನುವ ಮೊದಲ ಸುತ್ತಿನ ಮತದಾನದಲ್ಲಿ ಬೇರೆ ಬೇರೆಯಾಗಿ ಆರಿಸುತ್ತಿದ್ದರು. ಮತದಾರರು 2010ರಲ್ಲಿ ಒಪ್ಪಿದ 14ನೆಯ ಪ್ರಸ್ತಾವದಿಂದ ಈ ಪದ್ಧತಿ ಬದಲಾಯಿತು. ಈಗ ಎಲ್ಲ ಪಕ್ಷಗಳ ಎಲ್ಲ ಅಭ್ಯರ್ಥಿಗಳ ಹೆಸರೂ ಒಂದೇ ಮತಪತ್ರದಲ್ಲಿ ಇರುತ್ತದೆ, ಯಾವ ಪಕ್ಷದ ಮತದಾರರೇ ಆಗಲಿ ಯಾರಿಗೆ ಬೇಕಾದರೂ ಒಂದು ಮತ ಹಾಕಬಹುದು. ಅತಿ ಹೆಚ್ಚು ಮತ ಪಡೆದ ಇಬ್ಬರು ಮಾತ್ರ ನವೆಂಬರಿನ ಕಣಕ್ಕೆ ಹೋಗುತ್ತಾರೆ. ಆ ಇಬ್ಬರೂ ಒಂದೇ ಪಕ್ಷದವರಾಗಿರಬಹುದು. ಜೂನಿನಲ್ಲಿ ಒಬ್ಬರಿಗೆ ಅರ್ಧಕ್ಕಿಂತ ಹೆಚ್ಚು ಮತ ಬಂದರೂ ಗೆದ್ದಂತೆ ಆಗುವುದಿಲ್ಲ, ಎರಡನೆಯ ಸುತ್ತು ನಡೆಯಲೇಬೇಕು. ನವೆಂಬರಿನ ಮತಪತ್ರದಲ್ಲಿ ಈ ಹುದ್ದೆಗೆ ಬೇರೆ ಹೆಸರನ್ನು ಕೈಯಿಂದ ಬರೆದು ಸೇರಿಸಲು ಅವಕಾಶವಿಲ್ಲ, ನಮ್ಮ ನೋಟಾದಂಥ ಆಯ್ಕೆಯೂ ಇಲ್ಲ.

ಇದರ ಪರಿಣಾಮವನ್ನು ಅಲ್ಲಿಯ ಜನ ಹಲವು ಸಲ ಕಂಡಿದ್ದಾರೆ. 2016ರ ಸೆನೆಟ್ ಚುನಾವಣೆಯ ಕೊನೆಯ ಸುತ್ತಿನಲ್ಲಿ ಕಮಲಾ ಹ್ಯಾರಿಸ್ ಮತ್ತು ಲೊರೆಟ್ಟಾ ಸ್ಯಾಂಚೆಜ್ ಎದುರಾದರು, ಇಬ್ಬರೂ ಡೆಮಾಕ್ರಟರು. ಇದಕ್ಕಿಂತ ವಿಚಿತ್ರವಾದದ್ದು 2012ರಲ್ಲಿ ಸ್ಯಾನ್ ಬರ್ನಾರ್ಡಿನೊ ಕಡೆಯ 31ನೆಯ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರದಲ್ಲಿ ನಡೆಯಿತು. ಡೆಮಾಕ್ರಟಿಕ್ ಪಕ್ಷದ ನಾಲ್ವರು ಕಣದಲ್ಲಿದ್ದು ಮತಗಳನ್ನು ಹಂಚಿಕೊಂಡರು, ರಿಪಬ್ಲಿಕನ್ ಪಕ್ಷದ ಇಬ್ಬರು ಮೊದಲ ಎರಡು ಸ್ಥಾನ ಪಡೆದು ನವೆಂಬರಿಗೆ ಹೋದರು. ಅದೇ ನವೆಂಬರಿನಲ್ಲಿ ಅದೇ ಕ್ಷೇತ್ರದ ಮತದಾರರು ಅಧ್ಯಕ್ಷ ಸ್ಥಾನಕ್ಕೆ ಬರಾಕ್ ಒಬಾಮಾ ಅವರನ್ನು ಬೆಂಬಲಿಸಿದರು. ಬಹುಸಂಖ್ಯಾತರು ಬಯಸಿದ ಪಕ್ಷದ ಹೆಸರೇ ಕೊನೆಯ ಮತಪತ್ರದಲ್ಲಿ ಇರಲಿಲ್ಲ.

ಈ ಸಲ ಗವರ್ನರ್ ಹುದ್ದೆಗೂ ಇಂಥ ಆತಂಕ ಕೇಳಿಬಂದಿರುವುದಕ್ಕೆ ಕಾರಣವಿದೆ. ಕಮಲಾ ಹ್ಯಾರಿಸ್ ಸ್ಪರ್ಧಿಸಬಹುದೆಂಬ ನಿರೀಕ್ಷೆಯಿತ್ತು, ಆದರೆ ತಾವು ಕಣಕ್ಕೆ ಇಳಿಯುವುದಿಲ್ಲವೆಂದು 2025ರ ಜುಲೈನಲ್ಲಿ ಅವರು ತಿಳಿಸಿದರು. ಎಲ್ಲರನ್ನೂ ಹಿಂದಿಕ್ಕುವಂಥ ಹೆಸರೊಂದು ಇಲ್ಲವಾದಾಗ ಡೆಮಾಕ್ರಟಿಕ್ ಪಕ್ಷದಿಂದ ಮಾಜಿ ಸಂಸದೆ ಕೇಟಿ ಪೋರ್ಟರ್, ಕೇಂದ್ರದಲ್ಲಿ ಆರೋಗ್ಯ ಇಲಾಖೆ ನೋಡಿಕೊಂಡಿದ್ದ ಹೇವಿಯರ್ ಬೆಸೆರಾ ಸೇರಿದಂತೆ ಹಲವರು ಸ್ಪರ್ಧೆ ಘೋಷಿಸಿದರು. ರಿಪಬ್ಲಿಕನ್ ಕಡೆಯಿಂದ ಮುಖ್ಯವಾಗಿ ಕಾಣಿಸಿಕೊಂಡವರು ಇಬ್ಬರು: ದೂರದರ್ಶನ ನಿರೂಪಕರಾಗಿದ್ದ ಸ್ಟೀವ್ ಹಿಲ್ಟನ್ ಮತ್ತು ರಿವರ್‌ಸೈಡ್ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಶೆರಿಫ್, ಅಂದರೆ ಚುನಾಯಿತ ಪೊಲೀಸ್ ಮುಖ್ಯಸ್ಥ, ಚಾಡ್ ಬಿಯಾಂಕೊ. ನೂರಕ್ಕೆ 60 ಮತ ಒಂದು ಪಕ್ಷದ ಆರು ಮಂದಿಯಲ್ಲಿ ಸಮನಾಗಿ ಹಂಚಿಹೋದರೆ ತಲೆಗೆ 10 ಬರುತ್ತದೆ. ಉಳಿದ 40 ಮತ ಇನ್ನೊಂದು ಪಕ್ಷದ ಇಬ್ಬರಲ್ಲಿ ಹಂಚಿಹೋದರೆ ತಲೆಗೆ 20. ಹೀಗೇ ಆಗುತ್ತದೆಂದು ನಾವು ಹೇಳುತ್ತಿಲ್ಲ. ಕಣ ದೊಡ್ಡದಾದಷ್ಟೂ ಜೂನಿನ ಒಂದೊಂದು ಮತವೂ ನವೆಂಬರಿನ ಆಯ್ಕೆಯನ್ನೇ ಬದಲಿಸಬಲ್ಲದು ಎಂಬುದನ್ನು ನಿಮ್ಮ ಮಗಳು ಮನಸ್ಸಿಗೆ ತಂದುಕೊಳ್ಳಲಿ. ಪ್ರೈಮರಿಗೆ ಸಾಮಾನ್ಯ ಚುನಾವಣೆಗಿಂತ ಕಡಿಮೆ ಜನ ಮತ ಹಾಕುವುದರಿಂದ ಆ ಮತದ ತೂಕ ಇನ್ನೂ ಹೆಚ್ಚುತ್ತದೆ.

ಮತಪತ್ರ ಕೈಗೆ ಬಂದಾಗ ಅದನ್ನು ಸಾವಧಾನವಾಗಿ ಓದಲು ಹೇಳಿ. ಪ್ರತಿ ಅಭ್ಯರ್ಥಿಯ ಹೆಸರಿನ ಕೆಳಗೆ ಅವರು ಒಲವು ತೋರಿಸಿರುವ ಪಕ್ಷ ಹಾಗೂ ಅವರ ಉದ್ಯೋಗದ ಚುಟುಕು ವಿವರ ಇರುತ್ತದೆ. ಆ ಪಕ್ಷ ಇವರನ್ನು ತನ್ನ ಅಭ್ಯರ್ಥಿಯೆಂದು ಒಪ್ಪಿದೆ ಎಂದು ಅದರಿಂದ ತಿಳಿಯಬಾರದು, ಅದು ಅಭ್ಯರ್ಥಿ ತಾನೇ ಹೇಳಿಕೊಂಡ ಒಲವು ಮಾತ್ರ. ಹೆಸರುಗಳ ಕ್ರಮದಲ್ಲೂ ಅಲ್ಲಿಯವರು ಎಚ್ಚರ ವಹಿಸಿದ್ದಾರೆ. ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳನ್ನು ಚೀಟಿ ಎತ್ತಿ ಹೊಸ ಕ್ರಮ ನಿರ್ಧರಿಸುತ್ತಾರೆ, ಬಳಿಕ ರಾಜ್ಯದ 80 ಅಸೆಂಬ್ಲಿ ಕ್ಷೇತ್ರಗಳಲ್ಲಿ ಒಂದೊಂದರಲ್ಲೂ ಆ ಪಟ್ಟಿಯನ್ನು ಒಂದು ಸ್ಥಾನ ಸರಿಸುತ್ತಾ ಹೋಗುತ್ತಾರೆ. ಮೊದಲ ಹೆಸರಿಗೆ ಸುಮ್ಮನೆ ಗುರುತು ಹಾಕಿಬಿಡುವವರಿಂದ ಯಾರೊಬ್ಬರಿಗೂ ರಾಜ್ಯವಿಡೀ ಲಾಭ ಆಗಬಾರದೆಂಬುದು ಇದರ ಉದ್ದೇಶ.

ಪ್ರಶ್ನೆ: ನನಗೆ ಗ್ರೀನ್ ಕಾರ್ಡ್ ಸಿಕ್ಕಿ ಕೆಲವು ವರ್ಷಗಳಾಗಿವೆ. ತೆರಿಗೆ ಕಟ್ಟುತ್ತಿದ್ದೇನೆ, ಇಲ್ಲಿ ಮನೆಯೂ ಇದೆ. ಗವರ್ನರ್ ಚುನಾವಣೆಯಲ್ಲಿ ಮತ ಹಾಕಬಹುದೇ? ದೇಣಿಗೆ ಕೊಡಬಹುದೇ?
— ಸಾಫ್ಟ್‌ವೇರ್ ಎಂಜಿನಿಯರ್, ಸನಿವೇಲ್

ಉತ್ತರ: ಮತ ಹಾಕುವಂತಿಲ್ಲ. ಆ ಹಕ್ಕು ಅಮೆರಿಕದ ಪ್ರಜೆಗಳಿಗೆ ಮಾತ್ರ ಇದೆ. ಡ್ರೈವಿಂಗ್ ಲೈಸೆನ್ಸಿನ ಅರ್ಜಿ ತುಂಬುವಾಗ ಮತದಾರರ ನೋಂದಣಿಯ ಪ್ರಶ್ನೆಯೂ ಎದುರಾಗುತ್ತದೆ, ಪ್ರಜೆಯೇ ಎಂದು ಕೇಳಿದ ಕಡೆ ಅವಸರದಲ್ಲಿ ಹೌದು ಎಂದು ಗುರುತು ಹಾಕಬೇಡಿ. ಪ್ರಜೆಯಲ್ಲದವರು ತಾವು ಪ್ರಜೆಯೆಂದು ಹೇಳಿ ನೋಂದಾಯಿಸಿಕೊಂಡರೆ ಅಥವಾ ಮತ ಹಾಕಿದರೆ ಮುಂದೆ ಪೌರತ್ವಕ್ಕೆ ಅಡ್ಡಿಯಾಗುವುದಷ್ಟೇ ಅಲ್ಲ, ಗಡೀಪಾರಿನವರೆಗೂ ಹೋಗಬಹುದು. ಗೊತ್ತಿಲ್ಲದೆ ಹೀಗೆ ಆಗಿದೆ ಎಂದು ಯಾರಿಗಾದರೂ ಅನುಮಾನವಿದ್ದರೆ ಕೂಡಲೇ ವಲಸೆ ಕಾನೂನಿನ ವಕೀಲರನ್ನು ಕಾಣಬೇಕು.

ದೇಣಿಗೆಯ ವಿಷಯ ಬೇರೆ. ಗ್ರೀನ್ ಕಾರ್ಡ್ ಇದ್ದು ಅಲ್ಲೇ ನೆಲೆಸಿರುವವರು ಚುನಾವಣಾ ದೇಣಿಗೆ ಕೊಡಬಹುದು. ಎಚ್-1ಬಿ ಮೊದಲಾದ ವೀಸಾಗಳ ಮೇಲೆ ಇರುವವರು ಕೊಡುವಂತಿಲ್ಲ, ಬೇರೆಯವರ ಹೆಸರಿನಲ್ಲಿ ಕೊಡಿಸುವುದಂತೂ ಅಪರಾಧ. ನಿಮ್ಮ ಬಳಿ ಭಾರತದ ಪಾಸ್‌ಪೋರ್ಟ್ ಇರುವುದರಿಂದ ನಿಮ್ಮ ಊರಿನ ಮತದಾರರ ಪಟ್ಟಿಯಲ್ಲಿ 6ಎ ನಮೂನೆಯ ಮೂಲಕ ಸಾಗರೋತ್ತರ ಮತದಾರರಾಗಿ ಹೆಸರು ಸೇರಿಸಬಹುದು ಎಂಬುದನ್ನೂ ನೆನಪಿಸುತ್ತೇವೆ. ಆದರೆ ಮತ ಹಾಕಲು ಖುದ್ದಾಗಿ ಮತಗಟ್ಟೆಗೇ ಬರಬೇಕು.

ಪ್ರಶ್ನೆ: ಹೊಸ ಗವರ್ನರ್ ಬಂದರೆ ಎಚ್-1ಬಿ ವೀಸಾ ಸುಲಭವಾಗಬಹುದೇ?
— ವಿದ್ಯಾರ್ಥಿ, ಬೆಂಗಳೂರು

ಉತ್ತರ: ಇಲ್ಲ. ವೀಸಾ ಮತ್ತು ಪೌರತ್ವ ಕೇಂದ್ರ ಸರ್ಕಾರಕ್ಕೆ ಸೇರಿದ ವಿಷಯಗಳು. ವಿದ್ಯಾರ್ಥಿಯಾಗಿ ನೀವು ಗಮನಿಸಬೇಕಾದದ್ದು ಬೇರೆಯದು: ಬರ್ಕ್‌ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಮೊದಲಾದ ಕಡೆ ಇರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ 26 ಸದಸ್ಯರಲ್ಲಿ 18 ಮಂದಿಯನ್ನು 12 ವರ್ಷದ ಅವಧಿಗೆ ನೇಮಿಸುವವರು ಗವರ್ನರ್. ಶುಲ್ಕದ ತೀರ್ಮಾನಗಳು ಆ ಮಂಡಳಿಯಲ್ಲೇ ಆಗುತ್ತವೆ.

ಪ್ರಶ್ನೆ: ಭಾರತೀಯ ಮೂಲದವರು ಯಾರಾದರೂ ಅಮೆರಿಕದಲ್ಲಿ ಗವರ್ನರ್ ಆಗಿದ್ದಾರೆಯೇ? ಕರ್ನಾಟಕದವರು ಪ್ರಯತ್ನಿಸಿದ್ದುಂಟೇ?
— ವ್ಯಾಪಾರಿ, ಬೆಳಗಾವಿ

ಉತ್ತರ: ಇಬ್ಬರು ಆಗಿದ್ದಾರೆ, ಇಬ್ಬರೂ ಪಂಜಾಬಿ ಮೂಲದವರು. ಲೂಸಿಯಾನಾದಲ್ಲಿ ಬಾಬಿ ಜಿಂದಾಲ್ 2007ರಲ್ಲಿ ಆಯ್ಕೆಯಾದರು. ಅಲ್ಲೂ ಎಲ್ಲ ಪಕ್ಷದವರು ಒಂದೇ ಮತಪತ್ರದಲ್ಲಿ ಸ್ಪರ್ಧಿಸುತ್ತಾರೆ, ಆದರೆ ಕ್ಯಾಲಿಫೋರ್ನಿಯಾದಂತಲ್ಲದೆ ಅರ್ಧಕ್ಕಿಂತ ಹೆಚ್ಚು ಮತ ಪಡೆದವರು ಮೊದಲ ಸುತ್ತಿನಲ್ಲೇ ಗೆಲ್ಲುತ್ತಾರೆ. ಜಿಂದಾಲ್ ಹಾಗೆಯೇ ಗೆದ್ದರು. ದಕ್ಷಿಣ ಕೆರೊಲೈನಾದ ನಿಕ್ಕಿ ಹೇಲಿ ಅವರಿಗೆ 2010ರ ಪಕ್ಷದ ಪ್ರೈಮರಿಯಲ್ಲಿ ಅರ್ಧಕ್ಕೆ ಸ್ವಲ್ಪವೇ ಕಡಿಮೆ ಮತ ಬಿದ್ದು ಮರು ಸುತ್ತು ಎದುರಿಸಬೇಕಾಯಿತು. ಅಲ್ಲಿ ಭಾರಿ ಅಂತರದಿಂದ ಗೆದ್ದ ಮೇಲೆ ನವೆಂಬರಿನಲ್ಲೂ ಗೆದ್ದರು. ಈ ಸಲ ಓಹಾಯೊದಲ್ಲಿ ಕೇರಳದಿಂದ ವಲಸೆ ಹೋದ ದಂಪತಿಯ ಮಗ ವಿವೇಕ್ ರಾಮಸ್ವಾಮಿ ರಿಪಬ್ಲಿಕನ್ ಪಕ್ಷದಿಂದ ಸ್ಪರ್ಧೆಗೆ ಇಳಿದಿದ್ದಾರೆ.

ಕರ್ನಾಟಕದವರ ಪ್ರಯತ್ನದ ಬಗ್ಗೆ ನಿಮ್ಮ ಊರಿನಿಂದಲೇ ಪ್ರಶ್ನೆ ಬಂದಿರುವುದು ಸಂತೋಷದ ಸಂಗತಿ. ಬೆಳಗಾವಿಯಲ್ಲಿ ಬೆಳೆದು ಅಮೆರಿಕದಲ್ಲಿ ರಸಾಯನಶಾಸ್ತ್ರದ ಉದ್ಯಮ ಕಟ್ಟಿದ ಶ್ರೀ ಥಾಣೇದಾರ್ ಅವರು 2018ರಲ್ಲಿ ಮಿಷಿಗನ್ ರಾಜ್ಯದ ಗವರ್ನರ್ ಹುದ್ದೆಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತು, ತಮ್ಮ ಸ್ವಂತ ಹಣವನ್ನೇ ದೊಡ್ಡ ಪ್ರಮಾಣದಲ್ಲಿ ಹಾಕಿ, ಮೂರನೆಯ ಸ್ಥಾನ ಪಡೆದರು. ಆಗ ಗೆದ್ದ ಗ್ರೆಚೆನ್ ವಿಟ್ಮರ್ ಮುಂದೆ ಗವರ್ನರ್ ಆದರು. ಥಾಣೇದಾರ್ ಅವರು 2020ರಲ್ಲಿ ರಾಜ್ಯದ ಶಾಸನಸಭೆಗೂ 2022ರಲ್ಲಿ ಡೆಟ್ರಾಯ್ಟ್ ಕಡೆಯಿಂದ ಸಂಸತ್ತಿಗೂ ಆಯ್ಕೆಯಾದರು. ಸ್ವಂತ ಹಣ ಸುರಿದರೆ ಗೆಲುವು ಖಚಿತ ಎಂದು ಮಾತ್ರ ತಿಳಿಯಬಾರದು. ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ಮೆಗ್ ವಿಟ್ಮನ್ ತಮ್ಮ ಜೇಬಿನಿಂದಲೇ 14 ಕೋಟಿ ಡಾಲರಿಗೂ ಹೆಚ್ಚು ಖರ್ಚು ಮಾಡಿ ಜೆರ್ರಿ ಬ್ರೌನ್ ಎದುರು ಸೋತರು.

ಪ್ರಶ್ನೆ: ಅಮೆರಿಕದಂತೆ ನಮ್ಮ ರಾಜ್ಯಪಾಲರನ್ನೂ ಜನರೇ ಆರಿಸಿದರೆ ಈಗಿನ ಜಗಳಗಳು ತಪ್ಪುವುದಿಲ್ಲವೇ?
— ಕಾನೂನು ವಿದ್ಯಾರ್ಥಿನಿ, ಮೈಸೂರು

ಉತ್ತರ: ನಿಮ್ಮ ಆಲೋಚನೆ ಹೊಸದಲ್ಲ, ನಮ್ಮ ಸಂವಿಧಾನ ರಚನಾ ಸಭೆಯೇ ಮೊದಲು ಹಾಗೆ ಯೋಚಿಸಿತ್ತು. ಸರ್ದಾರ್ ಪಟೇಲರ ಅಧ್ಯಕ್ಷತೆಯ ಪ್ರಾಂತೀಯ ಸಂವಿಧಾನ ಸಮಿತಿ 1947ರಲ್ಲಿ ರಾಜ್ಯಪಾಲರನ್ನು ವಯಸ್ಕ ಮತದಾನದಿಂದ ನೇರವಾಗಿ ಆರಿಸಬೇಕೆಂದು ಸೂಚಿಸಿತು, ಸಭೆ ಅದನ್ನು ಒಪ್ಪಿಯೂ ಇತ್ತು. 1948ರ ಕರಡಿನಲ್ಲಿ ನೇರ ಚುನಾವಣೆಯ ಜೊತೆಗೆ, ಶಾಸನಸಭೆ ಆರಿಸಿಕೊಟ್ಟ ನಾಲ್ವರ ಪಟ್ಟಿಯಿಂದ ರಾಷ್ಟ್ರಪತಿ ಒಬ್ಬರನ್ನು ನೇಮಿಸುವ ಪರ್ಯಾಯವೂ ಸೇರಿತು. 1949ರ ಮೇ ಕೊನೆಯಲ್ಲಿ ಚರ್ಚೆಗೆ ಬಂದಾಗ ಎರಡನ್ನೂ ಕೈಬಿಟ್ಟು ರಾಷ್ಟ್ರಪತಿಯವರೇ ನೇಮಿಸುವ ವಿಧಾನವನ್ನು ಸಭೆ ಆರಿಸಿಕೊಂಡಿತು. ಇಡೀ ರಾಜ್ಯದ ಮತ ಪಡೆದ ರಾಜ್ಯಪಾಲ ಒಂದು ಕಡೆ, ಶಾಸಕರ ಬಹುಮತ ಪಡೆದ ಮುಖ್ಯಮಂತ್ರಿ ಇನ್ನೊಂದು ಕಡೆ ನಿಂತರೆ ತಿಕ್ಕಾಟ ತಪ್ಪದು ಎಂಬ ಭಯ ಅದರ ಹಿಂದಿತ್ತು. ನೆಹರೂ ಅವರೂ ನೇಮಕವನ್ನೇ ಬೆಂಬಲಿಸಿದರು. ಅಷ್ಟು ಕಡಿಮೆ ಅಧಿಕಾರದ ಹುದ್ದೆಗೆ ಅಷ್ಟು ಖರ್ಚಿನ ಚುನಾವಣೆ ಏಕೆ ಎಂಬ ಅರ್ಥದಲ್ಲಿ ಅಂಬೇಡ್ಕರ್ ವಾದಿಸಿದರು.

ಆ ತೀರ್ಮಾನ ಸರಿಯೆಂದೇ ನಾವು ಭಾವಿಸುತ್ತೇವೆ. ಅಮೆರಿಕದಲ್ಲಿ ಗವರ್ನರ್ ಪಕ್ಕದಲ್ಲಿ ಮುಖ್ಯಮಂತ್ರಿ ಇಲ್ಲ, ಇಲ್ಲಿ ಇದ್ದಾರೆ. ಚುನಾಯಿತ ರಾಜ್ಯಪಾಲರನ್ನು ತಂದರೆ ಜಗಳ ದೆಹಲಿಯಿಂದ ಬೆಂಗಳೂರಿಗೆ ವರ್ಗವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಆದರೆ ಕಡಿಮೆ ಅಧಿಕಾರದ ಹುದ್ದೆ ಎಂಬ ಆ ದಿನದ ನಂಬಿಕೆ ಉಳಿಯಲಿಲ್ಲ ಎನ್ನುವುದನ್ನು ಕರ್ನಾಟಕದವರಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿ ಅವರಿಗೆ ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ, ರಾಜ್ಯಪಾಲರ ವರದಿಯ ಮೇಲೆ ಸರ್ಕಾರವನ್ನು ವಜಾ ಮಾಡಲಾಯಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರ ಮಾರ್ಚಿನಲ್ಲಿ, ಐದು ವರ್ಷ ಕಳೆದ ಮೇಲೆ.

ಇಂದಿನ ಮುಖ್ಯ ತಕರಾರು ಮಸೂದೆಗಳಿಗೆ ಅಂಕಿತ ಹಾಕದೆ ಇಟ್ಟುಕೊಳ್ಳುವುದರ ಬಗ್ಗೆ ಇದೆ. ಸಂವಿಧಾನದ 200ನೆಯ ವಿಧಿಯಲ್ಲಿ ದಿನಗಳ ಲೆಕ್ಕ ಇಲ್ಲ. ತಮಿಳುನಾಡಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲಿನಲ್ಲಿ ಗಡುವು ವಿಧಿಸಿತ್ತು. ಅದೇ ವರ್ಷದ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠವು, ನ್ಯಾಯಾಲಯ ಇಂಥ ಗಡುವು ವಿಧಿಸುವಂತಿಲ್ಲ, ಅಂಕಿತ ಸಿಕ್ಕಿದೆಯೆಂದು ಭಾವಿಸಿಕೊಳ್ಳುವಂತೆಯೂ ಇಲ್ಲ ಎಂದು ಅಭಿಪ್ರಾಯಪಟ್ಟಿತು. ಕಾರಣವಿಲ್ಲದ ದೀರ್ಘ ವಿಳಂಬವನ್ನು ಮಾತ್ರ ಸೀಮಿತವಾಗಿ ಪರಿಶೀಲಿಸಬಹುದು ಎಂದಿತು. ಹಾಗಾದರೆ ಗಡುವನ್ನು ಸಂಸತ್ತು ಸಂವಿಧಾನದಲ್ಲೇ ಬರೆಯಬೇಕು. ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಿದ ಪುಂಛೀ ಆಯೋಗ ಆರು ತಿಂಗಳ ಮಿತಿಯನ್ನು 2010ರಲ್ಲೇ ಸೂಚಿಸಿತ್ತು. ಅಮೆರಿಕದಿಂದ ನಾವು ಒಂದನ್ನು ತೆಗೆದುಕೊಳ್ಳುವುದಾದರೆ ಅದು ಗವರ್ನರ್ ಚುನಾವಣೆ ಆಗಬೇಕಿಲ್ಲ, ಮೇಲೆ ಹೇಳಿದ 12 ದಿನಗಳಂಥ ನಿಯಮ ಆಗಲಿ.

ಪ್ರಶ್ನೆ: ನಮ್ಮ ತಾಯಿಯವರು ಈಚೆಗೆ ಇಲ್ಲಿಯ ಪ್ರಜೆಯಾಗಿದ್ದಾರೆ. ಅವರಿಗೆ ಕನ್ನಡ ಮಾತ್ರ ಓದಲು ಬರುತ್ತದೆ, ಸಹಿಯೂ ಕನ್ನಡದಲ್ಲೇ. ಅಂಚೆಯಲ್ಲಿ ಬರುವ ಮತಪತ್ರವನ್ನು ಅವರು ಹೇಗೆ ಬಳಸಬೇಕು?
— ಓದುಗರು, ಫ್ರೀಮಾಂಟ್

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿತ ಮತದಾರರೆಲ್ಲರ ಮನೆಗೂ ಮತಪತ್ರ ಅಂಚೆಯಲ್ಲಿ ಬರುತ್ತದೆ, ಇದಕ್ಕಾಗಿ ಅರ್ಜಿ ಹಾಕಬೇಕಿಲ್ಲ. ಜೂನ್ 2ರ ಚುನಾವಣೆಗೆ ಹೆಸರು ನೋಂದಾಯಿಸಲು ಮೇ 18 ಸಾಮಾನ್ಯ ಗಡುವು. ಆ ಬಳಿಕವೂ ಕೌಂಟಿಯ ಚುನಾವಣಾ ಕಚೇರಿಗೆ ಅಥವಾ ಮತದಾನ ಕೇಂದ್ರಕ್ಕೆ ಖುದ್ದಾಗಿ ಹೋಗಿ ಅದೇ ದಿನ ನೋಂದಾಯಿಸಿಕೊಂಡು ಮತ ಹಾಕುವ ವ್ಯವಸ್ಥೆಯಿದೆ.

ಓದಲು ಬಾರದವರು ತಮಗೆ ಬೇಕಾದವರ ನೆರವು ಪಡೆಯಬಹುದು ಎಂಬುದು ಕೇಂದ್ರ ಕಾನೂನಿನಲ್ಲೇ ಇದೆ. ನೆರವು ನೀಡುವವರು ಅವರ ಉದ್ಯೋಗದಾತರೋ ಕಾರ್ಮಿಕ ಸಂಘದ ಪ್ರತಿನಿಧಿಯೋ ಆಗಿರಬಾರದು, ಅಷ್ಟೇ. ನೀವು ಅಮ್ಮನ ಪಕ್ಕದಲ್ಲಿ ಕುಳಿತು ಹೆಸರುಗಳನ್ನೂ ಉದ್ಯೋಗವನ್ನೂ ಕನ್ನಡದಲ್ಲಿ ಓದಿ ಹೇಳಿ. ಆಯ್ಕೆ ಅವರದಾಗಿರಲಿ, ನಿಮ್ಮ ಒಲವನ್ನು ಅದರಲ್ಲಿ ಬೆರೆಸಬೇಡಿ.

ಸಹಿಯ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಮತಪತ್ರವನ್ನು ಹಿಂದಿರುಗಿಸುವ ಲಕೋಟೆಯ ಹೊರಗೆ ಮತದಾರರು ತಾವೇ ಸಹಿ ಮಾಡಬೇಕು, ಬೇರೆಯವರು ಅವರ ಹೆಸರನ್ನು ಬರೆಯುವಂತಿಲ್ಲ. ಕೌಂಟಿಯ ಸಿಬ್ಬಂದಿ ಆ ಸಹಿಯನ್ನು ತಮ್ಮ ದಾಖಲೆಯಲ್ಲಿರುವ ಸಹಿಯೊಡನೆ ಹೋಲಿಸಿ ನೋಡುತ್ತಾರೆ. ಆದ್ದರಿಂದ ನೋಂದಣಿ ಅರ್ಜಿಯಲ್ಲಿ ಅಥವಾ ಗುರುತಿನ ಚೀಟಿಗಾಗಿ ಅಮ್ಮ ಹೇಗೆ ಸಹಿ ಮಾಡಿದ್ದರೋ ಲಕೋಟೆಯ ಮೇಲೂ ಹಾಗೆಯೇ ಮಾಡಲಿ. ಅಲ್ಲಿ ಕನ್ನಡದಲ್ಲಿ ಮಾಡಿ ಇಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಕಷ್ಟಪಟ್ಟು ಬರೆದರೆ ಹೊಂದಾಣಿಕೆಯಾಗದೆ ತೊಂದರೆಯಾಗಬಹುದು. ಹೊಂದಿಕೆಯಾಗದಿದ್ದರೆ ಕೌಂಟಿಯವರು ಮತವನ್ನು ಬದಿಗಿಡುವ ಮೊದಲು ಪತ್ರ ಬರೆದು ಸರಿಪಡಿಸಲು ಅವಕಾಶ ಕೊಡಬೇಕು. ಆ ಪತ್ರ ಇಂಗ್ಲಿಷಿನಲ್ಲಿ ಬರುವುದರಿಂದ ಜೂನಿನ ಮೊದಲ ವಾರಗಳಲ್ಲಿ ಅಮ್ಮನ ಹೆಸರಿಗೆ ಬರುವ ಅಂಚೆಯನ್ನು ನೀವೇ ತೆರೆದು ನೋಡಿ, ಅದರಲ್ಲಿರುವ ನಮೂನೆಗೆ ಅವರ ಸಹಿ ಹಾಕಿಸಿ ಗಡುವಿನೊಳಗೆ ತಲುಪಿಸಿ.